ಉಳಿದರ್ಧ

"ಅರ್ಧ ಮಾಡಿಸಿದ್ರೆ ಉಳಿದರ್ಧ ಕಾಣಲ್ವಾ ಮೇಡಂ?"

ಐದು ದಿನ ಆಯಿತು. ಪಾರ್ಲರಿನವಳ ಆ ಮಾತು ಇನ್ನೂ ಕಿವಿಯಲ್ಲೇ ಕೂತಿದೆ.

ಭಾನುವಾರ ಅಣ್ಣನ ಮಗನ ಮದುವೆ ಇತ್ತು. ಮಗಳು ಇದೇ ಮೊದಲ ಸಲ ಗಿಡ್ಡ ತೋಳಿನ ಬ್ಲೌಸ್ ಹೊಲಿಸಿದ್ದಳು. ಪೂರ್ತಿ ಕೈಗೆ ವ್ಯಾಕ್ಸ್ ಮಾಡಿಸಲು 450 ರೂಪಾಯಿ ಅಂದರು. ಮುಯ್ಯಿ, ಸೀರೆ, ಹೋಗಿ ಬರುವ ಖರ್ಚು ಎಲ್ಲ ಆಗಲೇ ತಲೆಯಲ್ಲಿ ಓಡುತ್ತಿತ್ತು. "ಮೊಣಕೈವರೆಗೆ ಮಾತ್ರ ಎಷ್ಟು?" ಅಂತ ಕೇಳಿದೆ. ಕೇಳಿದ್ದು ಅಷ್ಟೇ. ಕಾಯುತ್ತಿದ್ದ ಮೂರು ಜನ ತಲೆ ಎತ್ತಿ ನಮ್ಮನ್ನು ನೋಡಿದರು. ಮಗಳು ದುಪಟ್ಟಾ ಎಳೆದು ಎರಡೂ ಕೈ ಮುಚ್ಚಿಕೊಂಡಳು.

ಪಾರ್ಲರಿನ ಆ ಹುಡುಗಿ ಕೆಟ್ಟವಳಲ್ಲ. ಬೆಳಿಗ್ಗೆಯಿಂದ ರಾತ್ರಿವರೆಗೆ ನಿಂತೇ ಕೆಲಸ ಮಾಡುತ್ತಾಳೆ. ಆದರೆ ಅಷ್ಟು ಜೋರಾಗಿ ಹೇಳಬೇಕಿರಲಿಲ್ಲ. ಹದಿನೇಳರ ಹುಡುಗಿಯ ಮುಂದೆ ಅಂತೂ ಹೇಳಲೇಬಾರದಿತ್ತು.

ದಾರಿಯುದ್ದಕ್ಕೂ ಮಗಳು ಮಾತಾಡಲಿಲ್ಲ. ಮನೆಗೆ ಬಂದು, "ಉದ್ದ ತೋಳಿಂದೇ ಹಾಕ್ಕೋತೀನಿ ಬಿಡಮ್ಮ" ಅಂದಳು. ನನಗೆ ಹೊಟ್ಟೆಯಲ್ಲಿ ಕಿವುಚಿದ ಹಾಗಾಯಿತು. "ನಾಳೆ ಮನೇಲೇ ಮಾಡೋಣ" ಅಂದೆ.

ಸಕ್ಕರೆ, ನಿಂಬೆರಸ, ನೀರು. ಬೇಕಾಗಿದ್ದು ಇಷ್ಟೇ. ಈಜಿಪ್ಟ್, ಲೆಬನಾನ್ ಕಡೆ ಹೆಂಗಸರು ಕೂದಲು ತೆಗೆಯಲು ಈ ಪಾಕವನ್ನು ಬಹಳ ಹಿಂದಿನಿಂದ ಮನೆಯಲ್ಲೇ ಕಾಯಿಸಿಕೊಳ್ಳುತ್ತಾರೆ. ಹಲಾವಾ ಅನ್ನುತ್ತಾರೆ. ನಮ್ಮ ಹಲ್ವಾ ಇದೆಯಲ್ಲ, ಅದೇ ಮೂಲದ ಪದ.

ಒಂದು ಲೋಟ ಸಕ್ಕರೆಗೆ ಎರಡು ದೊಡ್ಡ ಚಮಚ ನೀರು ಹಾಕಿ ಅರ್ಧ ನಿಂಬೆಹಣ್ಣು ಹಿಂಡಿದೆ. ಇನ್ನರ್ಧ ಸಂಜೆಯ ಚಿತ್ರಾನ್ನಕ್ಕೆ ಅಂತ ಎತ್ತಿಟ್ಟೆ. ಸಣ್ಣ ಉರಿಯಲ್ಲಿ ಕುದಿಸಿದೆ. ಬಣ್ಣ ಚೆನ್ನಾಗಿಯೇ ಬಂತು. ಆರಿದ ಮೇಲೆ ನೋಡಿದರೆ ಅಂಚಿನಿಂದ ಒಳಗೆ ಬೆಳ್ಳಗೆ ಹರಳುಗಟ್ಟಿತ್ತು. ಚಮಚ ಊರಿದರೆ ಮರಳಿನ ಹಾಗೆ ಜರಜರ.

ಅಮ್ಮ ಬಂದು ಬೆರಳಲ್ಲಿ ಮುಟ್ಟಿ ನೋಡಿದರು. "ಇದು ಅಚ್ಚಿನ ಪಾಕ ಆಗಿದೆಯಲ್ಲೇ" ಅಂದರು.

ಅಮ್ಮ ಸಂಕ್ರಾಂತಿಗೆ ಮರದ ಅಚ್ಚಿನಲ್ಲಿ ಸಕ್ಕರೆ ಅಚ್ಚು ಹುಯ್ಯುವವರು. ಆ ಪಾಕ ಬೆಳ್ಳಗೆ ಹರಳುಗಟ್ಟಬೇಕು, ಇಲ್ಲದಿದ್ದರೆ ಅಚ್ಚಿನಿಂದ ಬಿಡುವುದಿಲ್ಲ. ಅದಕ್ಕೇ ಅಮ್ಮ ಹುಳಿ ಸೋಕಿಸುವುದಿಲ್ಲ. ಇಲ್ಲಿ ಬೇಕಾಗಿರುವುದು ಅದರ ತದ್ವಿರುದ್ಧ. ಹುಳಿ ಸಕ್ಕರೆಯನ್ನು ಗ್ಲೂಕೋಸ್, ಫ್ರಕ್ಟೋಸ್ ಅಂತ ಒಡೆಯುತ್ತದೆ. ಆಮೇಲೆ ಅದು ಸುಲಭವಾಗಿ ಹರಳಾಗುವುದಿಲ್ಲ, ಅಂಟಾಗಿಯೇ ಇರುತ್ತದೆ. ಅಮ್ಮನಿಗೆ ಈ ಹೆಸರುಗಳು ಗೊತ್ತಿಲ್ಲ. ಆದರೆ ಎತ್ತಿಟ್ಟಿದ್ದ ಹೋಳು ತಂದು ಹಿಂಡಿದವರು ಅವರೇ. "ಚಿತ್ರಾನ್ನ ನಾಳೆ ಮಾಡಿದ್ರಾಯ್ತು." ಸಾಲದು ಅಂತ ಇನ್ನೊಂದು ಹಣ್ಣೂ ಕೊಯ್ದು ಅದರಲ್ಲಿ ಅರ್ಧ ಹಿಂಡಿದರು. ಸ್ವಲ್ಪ ನೀರು ಸೇರಿಸಿ ಅದನ್ನೇ ಮತ್ತೆ ಕುದಿಸಿದೆವು.

"ಬಣ್ಣ ನೋಡಬೇಡ, ನೀರಿಗೆ ಹಾಕಿ ನೋಡು" ಅಂದರು ಅಮ್ಮ. ತಟ್ಟೆಯ ತಣ್ಣೀರಿಗೆ ಒಂದು ಹನಿ ಬಿಟ್ಟರು. ಮೊದಲು ಕರಗಿ ಹರಡಿತು. ಎರಡು ನಿಮಿಷ ಬಿಟ್ಟು ಇನ್ನೊಂದು ಹನಿ. ಬೆರಳಿಂದ ಕೂಡಿಸಿದರೆ ಮೆತ್ತಗೆ ಉಂಡೆಯಾಯಿತು. "ಹೂಂ, ಇಳಿಸು." ಜೇನಿನ ಬಣ್ಣ, ಎತ್ತಿದರೆ ದಪ್ಪ ಎಳೆ.

ಆರಲು ಮಾತ್ರ ಜಾಸ್ತಿ ಹೊತ್ತು ಬೇಕು. ಇದರಲ್ಲಿ ಅವಸರ ಬೇಡವೇ ಬೇಡ. ಪಾಕದ ಬಿಸಿ ಕುದಿಯುವ ನೀರಿಗಿಂತ ಹೆಚ್ಚು, ಅದೂ ಅಂಟಿದರೆ ಬಿಡದು. ಉಗುರುಬೆಚ್ಚಗಾದ ಮೇಲೆ ನನ್ನ ಮಣಿಕಟ್ಟಿಗೆ ಹಚ್ಚಿ ನೋಡಿ ಆಮೇಲೆ ಮಗಳಿಗೆ ಹಚ್ಚಿದೆ. ಅಪ್ಪನ ಹಳೆಯ ಪಂಚೆಯನ್ನು ಪಟ್ಟಿ ಪಟ್ಟಿ ಕತ್ತರಿಸಿಟ್ಟಿದ್ದೆ. ಕೂದಲು ಬೆಳೆದ ಕಡೆಗೇ ತೆಳ್ಳಗೆ ಸವರಿ, ಬಟ್ಟೆ ಒತ್ತಿ, ಚರ್ಮ ಬಿಗಿಹಿಡಿದು ಎದುರು ದಿಕ್ಕಿಗೆ ಎಳೆಯಬೇಕು. ಮೇಲಕ್ಕೆತ್ತಬಾರದು, ಚರ್ಮಕ್ಕೆ ಒರಗಿಸಿಯೇ ಎಳೆಯಬೇಕು. ಮಗಳು ಮೊದಲ ಪಟ್ಟಿಗೆ ಕಿರುಚಿದಳು. ಮೂರನೆಯದಕ್ಕೆ "ಕೊಡು, ನಾನೇ ಎಳೀತೀನಿ" ಅಂದಳು. ಕೈಗೆ ಉಳಿದ ಅಂಟು ಬಿಸಿನೀರಿಗೆ ಹಾಗೇ ಕರಗಿ ಹೋಯಿತು. ಎಣ್ಣೆ ಹಚ್ಚಿ ಉಜ್ಜುವ ಕೆಲಸವೇ ಇಲ್ಲ.

ಪಾತ್ರೆ ತೊಳೆಯುವಾಗ ಮತ್ತೆ ಅದೇ ಮಾತು. ಉಳಿದರ್ಧ ಕಾಣಲ್ವಾ?

ನಾನು ಸಂಸಾರ ಮಾಡಿದ್ದೇ ಅರ್ಧರ್ಧದಲ್ಲಿ. ಅರ್ಧ ಲೀಟರ್ ಹಾಲು, ಅರ್ಧ ಕೇಜಿ ತೊಗರಿಬೇಳೆ, ಅರ್ಧ ಮೊಳ ಹೂ. ಮಗಳ ಕಾಲೇಜಿನ ಫೀಸನ್ನೂ ಅರ್ಧ ಈಗ, ಅರ್ಧ ದಸರಾ ಕಳೆದ ಮೇಲೆ ಅಂತ ಕಟ್ಟಿದೆ. ಹೂವಿನ ಅಜ್ಜಿ ಅರ್ಧ ಮೊಳ ಅಳೆದು, ಮೇಲೆ ಎರಡು ಹೂ ಬಿಟ್ಟೇ ಕತ್ತರಿಸುತ್ತಾರೆ. ಉಳಿದರ್ಧ ಮೊಳ ಏನು ಮಾಡ್ತೀಯ ಅಂತ ಆಕೆ ಯಾವತ್ತೂ ಕೇಳಿಲ್ಲ. ಅರ್ಧ ಕೇಳುವವರಿಗೆ ಪೂರ್ತಿ ಬೇಡ ಅಂತಲ್ಲ. ಅವರು ಇನ್ನೊಬ್ಬರ ಪಾಲನ್ನು ಮನಸ್ಸಿನಲ್ಲೇ ತೆಗೆದಿಟ್ಟು ಬಂದಿರುತ್ತಾರೆ. ಇದನ್ನು ಆವತ್ತು ಅಲ್ಲೇ, ಮಗಳ ಎದುರಿಗೇ ಹೇಳಬೇಕಿತ್ತು. ಬಾಯಿ ಬರಲಿಲ್ಲ. "ಆಮೇಲೆ ಬರ್ತೀವಿ" ಅಂತ ಹೇಳಿ ಇಳಿದು ಬಂದೆ. ನನಗೆ ಈಗಲೂ ಚುಚ್ಚುತ್ತಿರುವುದು ಅವಳ ಮಾತಿಗಿಂತ ಜಾಸ್ತಿ ಅದೇ.

ಮದುವೆಯಲ್ಲಿ ನಾದಿನಿ ನನ್ನ ಮಗಳ ಕೈ ಹಿಡಿದು, "ಯಾವ ಪಾರ್ಲರೇ?" ಅಂತ ಕೇಳಿದಳು. ಮಗಳು ಸುತ್ತ ಇದ್ದವರಿಗೆಲ್ಲ ಕೇಳುವ ಹಾಗೆ, "ಅಜ್ಜಿ ಪಾಕ ಇಳಿಸಿದ್ದು, ಅಮ್ಮ ಎಳೆದಿದ್ದು" ಅಂದಳು. ನಾನು ಆಕಡೆ ತಿರುಗಿ ಸೆರಗಲ್ಲಿ ಕಣ್ಣೊರೆಸಿಕೊಂಡೆ.

ಇವತ್ತು ಸಂಜೆ ಅವಳ ಗೆಳತಿ ಬರುತ್ತಾಳಂತೆ. ಸಕ್ಕರೆ ಅವಳೇ ತರುತ್ತಾಳೆ. ನಿಂಬೆಹಣ್ಣು ಅರ್ಧ ಸಾಕಾ ಅಂತ ಕೇಳಿ ಕಳಿಸಿದ್ದಾಳೆ. ಸಾಲದು, ಒಂದೂವರೆಯಾದರೂ ಬೇಕು, ಉಳಿದದ್ದು ನಮ್ಮನೆಯಲ್ಲಿದೆ ಅಂತ ಹೇಳು ಅಂದೆ.