17–9–2: ಅಂಕಿ ಅದೇ, ಭೂಪಟ ಅದಲುಬದಲು

2024ರ ಜೂನ್ 4ರಂದು ಕರ್ನಾಟಕದ 28 ಲೋಕಸಭಾ ಸ್ಥಾನಗಳು ಬಿಜೆಪಿ 17, ಕಾಂಗ್ರೆಸ್ 9, ಜೆಡಿಎಸ್ 2 ಎಂದು ಹಂಚಿಹೋದವು. 2014ರಲ್ಲೂ ಇದೇ ಲೆಕ್ಕ: 17, 9, 2. ನಡುವೆ 2019ರಲ್ಲಿ ಬಿಜೆಪಿ 25 ಗೆದ್ದು, ಉಳಿದ ಮೂರು ಕಾಂಗ್ರೆಸ್, ಜೆಡಿಎಸ್ ಮತ್ತು ಮಂಡ್ಯದ ಪಕ್ಷೇತರ ಸುಮಲತಾ ಅವರಿಗೆ ತಲಾ ಒಂದರಂತೆ ಹೋಗಿದ್ದವು. ಹಾಗಾಗಿ ‘ರಾಜ್ಯ ಹತ್ತು ವರ್ಷದ ಹಿಂದಿನ ಜಾಗಕ್ಕೇ ವಾಪಸ್ ಬಂತು’ ಎಂಬ ಮಾತು ಬಹಳ ಓಡಿತು. ಮೊತ್ತ ನೋಡಿದರೆ ಹೌದು. ಕ್ಷೇತ್ರದ ಹೆಸರು ಹಿಡಿದು ನೋಡಿದರೆ ಆ ಮಾತು ನಿಲ್ಲುವುದಿಲ್ಲ.

ಕಾಂಗ್ರೆಸ್ಸಿನ ಎರಡು ಒಂಬತ್ತುಗಳನ್ನು ಅಕ್ಕಪಕ್ಕ ಇಡಿ. 2014ರಲ್ಲಿ ಗೆದ್ದದ್ದು ಕಲಬುರಗಿ, ರಾಯಚೂರು, ಚಿಕ್ಕೋಡಿ, ಚಾಮರಾಜನಗರ, ಬೆಂಗಳೂರು ಗ್ರಾಮಾಂತರ, ಚಿಕ್ಕಬಳ್ಳಾಪುರ, ಕೋಲಾರ, ತುಮಕೂರು, ಚಿತ್ರದುರ್ಗ. 2024ರಲ್ಲಿ ಈ ಪಟ್ಟಿಯ ಮೊದಲ ನಾಲ್ಕು ಮಾತ್ರ ಕೈಯಲ್ಲಿವೆ. ಕೊನೆಯ ಐದೂ ಹೋಗಿ, ಅವುಗಳ ಜಾಗಕ್ಕೆ ಬೀದರ್, ಕೊಪ್ಪಳ, ಬಳ್ಳಾರಿ, ದಾವಣಗೆರೆ, ಹಾಸನ ಬಂದಿವೆ. ಬಿಜೆಪಿಯದು ಹೆಚ್ಚುಕಮ್ಮಿ ಇದರ ತಿರುವುಮುರುವು: ಬೀದರ್, ಕೊಪ್ಪಳ, ಬಳ್ಳಾರಿ, ದಾವಣಗೆರೆ ಕಳೆದುಕೊಂಡು ಚಿತ್ರದುರ್ಗ, ತುಮಕೂರು, ಬೆಂಗಳೂರು ಗ್ರಾಮಾಂತರ, ಚಿಕ್ಕಬಳ್ಳಾಪುರ ಪಡೆದಿದೆ. ಜೆಡಿಎಸ್ ಮಂಡ್ಯ ಉಳಿಸಿಕೊಂಡು, ಹಾಸನ ಬಿಟ್ಟು ಕೋಲಾರ ಹಿಡಿದಿದೆ. 28ರಲ್ಲಿ 10 ಕ್ಷೇತ್ರ ಕೈ ಬದಲಾಯಿಸಿವೆ, ಒಟ್ಟು ಮಾತ್ರ ಒಂದಂಕಿ ಅಲ್ಲಾಡಿಲ್ಲ. ಬೆಂಗಳೂರಿನ ಪೂರ್ವ, ಪಶ್ಚಿಮದ ಜಿಲ್ಲೆಗಳಲ್ಲಿದ್ದ ಕಾಂಗ್ರೆಸ್ಸಿನ ಬಲ ತುಂಗಭದ್ರೆಯ ಆಸುಪಾಸಿಗೂ ಅದರ ಉತ್ತರಕ್ಕೂ ಸರಿದಿದೆ.

ಇದು ಯಾಕಾಯಿತು ಎಂದು ತಿಳಿಯಲು 2014ರ ಚಿಕ್ಕಬಳ್ಳಾಪುರ ನೋಡಬೇಕು. ಅಲ್ಲಿ ವೀರಪ್ಪ ಮೊಯಿಲಿ ಬಿಜೆಪಿಯ ಬಚ್ಚೇಗೌಡರನ್ನು ಸೋಲಿಸಿದ್ದು ಹತ್ತು ಸಾವಿರಕ್ಕಿಂತ ಕಡಿಮೆ ಅಂತರದಲ್ಲಿ. ಮೂರನೇ ಸ್ಥಾನದಲ್ಲಿದ್ದ ಎಚ್.ಡಿ. ಕುಮಾರಸ್ವಾಮಿ ಮೂರು ಲಕ್ಷಕ್ಕೂ ಹೆಚ್ಚು ಮತ ತೆಗೆದಿದ್ದರು. ತುಮಕೂರು, ಕೋಲಾರದಲ್ಲೂ ಅದೇ ತ್ರಿಕೋನ. ಕಾಂಗ್ರೆಸ್ ಅಂದು ಅರ್ಧದಷ್ಟು ಮತ ಪಡೆದು ಗೆದ್ದದ್ದಲ್ಲ. ಎದುರಿನ ಮತ ಎರಡು ಪಾಲಾದದ್ದರಿಂದ ಗೆದ್ದಿತು. 2024ರಲ್ಲಿ ಬಿಜೆಪಿ 25, ಜೆಡಿಎಸ್ 3 ಎಂದು ಹಂಚಿಕೊಂಡು ಒಟ್ಟಿಗೆ ಕಣಕ್ಕಿಳಿದಾಗ ಮೂರನೇ ಮೂಲೆಯೇ ಇಲ್ಲವಾಯಿತು. ಚಿಕ್ಕಬಳ್ಳಾಪುರದಲ್ಲಿ ಡಾ. ಕೆ. ಸುಧಾಕರ್ ಗೆದ್ದದ್ದು ಒಂದೂವರೆ ಲಕ್ಷಕ್ಕೂ ಮೀರಿದ ಅಂತರದಲ್ಲಿ.

ಹಾಗೆಂದು ಎರಡು ಪಕ್ಷಗಳ ಹಿಂದಿನ ಮತ ಕೂಡಿಸಿಬಿಟ್ಟರೆ ಮುಂದಿನ ಫಲಿತಾಂಶ ಸಿಗುತ್ತದೆ ಎಂದುಕೊಳ್ಳಬೇಡಿ. 2019ರಲ್ಲಿ ಕಾಂಗ್ರೆಸ್ ಮತ್ತು ಜೆಡಿಎಸ್ 21–7 ಎಂದು ಹಂಚಿಕೊಂಡಿದ್ದವು. 2014ರ ಅಂಕಿ ಕೂಡಿಸಿದ್ದರೆ ತುಮಕೂರಿನಲ್ಲಿ ದೇವೇಗೌಡರು ಲಕ್ಷಗಟ್ಟಲೆ ಮುಂದಿರಬೇಕಿತ್ತು. ಸೋತದ್ದು 13,339 ಮತಗಳಿಂದ. ಹಳೇ ಮೈಸೂರಿನ ಹಳ್ಳಿಗಳಲ್ಲಿ ಪಂಚಾಯಿತಿ, ಸೊಸೈಟಿ, ಡೇರಿ ಚುನಾವಣೆಗಳೆಲ್ಲ ಕಾಂಗ್ರೆಸ್ ಮತ್ತು ಜೆಡಿಎಸ್ ಗುಂಪುಗಳ ನಡುವೆಯೇ ನಡೆಯುವುದು. ಮೇಲಿನವರು ವೇದಿಕೆಯಲ್ಲಿ ಕೈ ಎತ್ತಿ ಹಿಡಿದರೆ ಕೆಳಗಿನವರ ಜಿದ್ದು ಇಳಿಯುವುದಿಲ್ಲ. ಬಿಜೆಪಿಗೆ ಆ ಭಾಗದ ಬಹುತೇಕ ಊರುಗಳಲ್ಲಿ ಅಂಥ ಹಳೆಯ ಜಗಳ ಇರಲಿಲ್ಲ. ಆದ್ದರಿಂದ 2024ರಲ್ಲಿ ಮತ ಸಲೀಸಾಗಿ ದಾಟಿತು ಎನ್ನುವುದು ನನ್ನ ಅಂದಾಜು. ಬೆಂಗಳೂರು ಗ್ರಾಮಾಂತರ ಇದಕ್ಕೆ ಒಳ್ಳೆಯ ಉದಾಹರಣೆ. ದೇವೇಗೌಡರ ಅಳಿಯ ಡಾ. ಸಿ.ಎನ್. ಮಂಜುನಾಥ್ ನಿಂತದ್ದು ಬಿಜೆಪಿ ಚಿಹ್ನೆಯಲ್ಲಿ. ಪಡೆದದ್ದು 10,79,002 ಮತ. ಕಾಂಗ್ರೆಸ್ಸಿನ ಡಿ.ಕೆ. ಸುರೇಶ್ ಅವರಿಗೆ 8,09,355. ಚುನಾವಣಾ ಆಯೋಗದ ಲೆಕ್ಕದಲ್ಲಿ ಇದು ಬಿಜೆಪಿಯ ಸ್ಥಾನ. ಜೆಡಿಎಸ್ ಬಲ ಎಷ್ಟು ಎಂದು ಅಳೆಯಲು ಹೊರಟವರು ಈ ಕ್ಷೇತ್ರವನ್ನು ಬಿಟ್ಟು ಲೆಕ್ಕ ಹಾಕಿದರೆ ಅರ್ಧ ಕಥೆ ಕೈತಪ್ಪುತ್ತದೆ.

ಈಗ ಶೇಕಡಾವಾರಿಗೆ ಬರೋಣ. ಎಲ್ಲಕ್ಕಿಂತ ಹೆಚ್ಚು ಎಡವುವುದು ಇಲ್ಲೇ. 2024ರಲ್ಲಿ ಬಿಜೆಪಿ ಶೇ 46.06, ಕಾಂಗ್ರೆಸ್ ಶೇ 45.43, ಜೆಡಿಎಸ್ ಶೇ 5.60. 2019ರಲ್ಲಿ ಕಾಂಗ್ರೆಸ್ ಶೇ 31.88 ಇತ್ತು. ‘ಹದಿಮೂರೂವರೆ ಅಂಶ ಏರಿಕೆ’ ಎಂದು ಹೇಳುವುದಕ್ಕೆ ಮುಂಚೆ ಒಂದು ಕಾಲಂ ಸೇರಿಸಿ: ಎಷ್ಟು ಕ್ಷೇತ್ರದಲ್ಲಿ ನಿಂತಿದ್ದರು? 2019ರಲ್ಲಿ 21, 2024ರಲ್ಲಿ 28. ಅಂದು ಜೆಡಿಎಸ್‌ಗೆ ಬಿಟ್ಟುಕೊಟ್ಟ ಏಳು ಕ್ಷೇತ್ರಗಳಲ್ಲಿ ಕಾಂಗ್ರೆಸ್ ಮತ ಸೊನ್ನೆ, ಆದರೆ ಛೇದದಲ್ಲಿ ಆ ಏಳು ಕ್ಷೇತ್ರಗಳ ಮತಗಳೂ ಇವೆ. ಜೆಡಿಎಸ್‌ನ ಶೇ 9.67 ಕೂಡಿಸಿದರೆ 2019ರ ಮೈತ್ರಿಗೆ ಶೇ 41.55. ಅಲ್ಲಿಂದ 45.43ಕ್ಕೆ ಬಂದದ್ದು ನಾಲ್ಕು ಅಂಶದಷ್ಟು. ಅದೂ ಜೆಡಿಎಸ್ ಆಚೆ ಹೋದ ಮೇಲೆ ಬಂದದ್ದರಿಂದ ಸಣ್ಣ ಸಾಧನೆಯೇನಲ್ಲ, ಆದರೆ ಹದಿಮೂರೂವರೆಯ ಮಾತು ಬೇರೆಯೇ. ಬಿಜೆಪಿಯ ಕಡೆಗೂ ಇದೇ ಸೂತ್ರ: 46.06 ಎನ್ನುವುದು 25 ಕ್ಷೇತ್ರಗಳ ಗಳಿಕೆಯನ್ನು 28 ಕ್ಷೇತ್ರಗಳ ಮತಕ್ಕೆ ಹಂಚಿದ್ದು. ನಿಂತ ಕಡೆ ಮಾತ್ರ ಲೆಕ್ಕ ಹಾಕಿದರೆ ಶೇ 51ರ ಆಸುಪಾಸು ಬರುತ್ತದೆ. ‘ಇಬ್ಬರಿಗೂ ಬರೀ ಅರ್ಧ ಅಂಶದ ವ್ಯತ್ಯಾಸ, ಆದರೂ 17–9 ಹೇಗೆ?’ ಎಂದು ಕೇಳುವವರಿಗೆ ಉತ್ತರ ಇದು. ನಿಜವಾದ ಹೋಲಿಕೆ ಬಿಜೆಪಿ, ಜೆಡಿಎಸ್ ಕೂಡಿದ 51.66 ಮತ್ತು ಕಾಂಗ್ರೆಸ್ಸಿನ 45.43ರ ನಡುವಿನದು, ಅಲ್ಲಿ ಸ್ಥಾನ 19–9.

ಮತ ಹರಡಿಕೊಂಡ ಬಗೆಯೂ ಆಟವಾಡುತ್ತದೆ. ಅದರ ತುತ್ತತುದಿಯ ಉದಾಹರಣೆ ಒಡಿಶಾ: ಅಲ್ಲಿನ ಪ್ರಾದೇಶಿಕ ಪಕ್ಷ ಬಿಜು ಜನತಾ ದಳ (ಬಿಜೆಡಿ) 2024ರಲ್ಲಿ ಶೇ 37ಕ್ಕೂ ಹೆಚ್ಚು ಮತ ಪಡೆದು 21ರಲ್ಲಿ ಒಂದೂ ಗೆಲ್ಲಲಿಲ್ಲ, ಬಿಜೆಪಿಗೆ 20, ಕಾಂಗ್ರೆಸ್‌ಗೆ 1. ಇಡೀ ದೇಶದಲ್ಲಿ ಬಿಜೆಪಿ ಮತಪ್ರಮಾಣ 2019ಕ್ಕಿಂತ ಒಂದು ಅಂಶದಷ್ಟೂ ಇಳಿಯದೆ ಸ್ಥಾನ 303ರಿಂದ 240ಕ್ಕೆ ಇಳಿದದ್ದೂ ಇದೇ ಜಾತಿಯ ಲೆಕ್ಕ. ತಮಿಳುನಾಡಿನಲ್ಲಿ ಸ್ಥಾನ ಕೊಡದ ಮತ ಹೆಚ್ಚಿತು, ಉತ್ತರ ಪ್ರದೇಶದಲ್ಲಿ ಸ್ಥಾನ ಕೊಡುವ ಮತ ಕಡಿಮೆಯಾಯಿತು (62ರಿಂದ 33). ರಾಷ್ಟ್ರಮಟ್ಟದ ಲೆಕ್ಕ ಮಾಡುವವರು ಸೂರತ್ತನ್ನು ಮರೆಯಬಾರದು. ಅಲ್ಲಿ ಅವಿರೋಧ ಆಯ್ಕೆ, ಮತದಾನವೇ ಇಲ್ಲ. ಸ್ಥಾನ 543, ಮತ ಎಣಿಸಿದ್ದು 542.

ಪ್ರದೇಶವಾರು ನೋಡುವಾಗ ಇನ್ನೊಂದು ತೊಡಕು. ಲೋಕಸಭಾ ಕ್ಷೇತ್ರದ ಗಡಿ ಜಿಲ್ಲೆಯ ಗಡಿಯಲ್ಲ. ಬೆಂಗಳೂರು ಗ್ರಾಮಾಂತರ ಜಿಲ್ಲೆಯ ನಾಲ್ಕು ವಿಧಾನಸಭಾ ಕ್ಷೇತ್ರಗಳಾದ ಹೊಸಕೋಟೆ, ದೇವನಹಳ್ಳಿ, ದೊಡ್ಡಬಳ್ಳಾಪುರ, ನೆಲಮಂಗಲ ಇರುವುದು ಚಿಕ್ಕಬಳ್ಳಾಪುರ ಲೋಕಸಭೆಯಲ್ಲಿ. ‘ಬೆಂಗಳೂರು ಗ್ರಾಮಾಂತರ’ ಎಂಬ ಲೋಕಸಭಾ ಕ್ಷೇತ್ರದಲ್ಲಿ ಆ ಜಿಲ್ಲೆಯ ಒಂದು ತಾಲ್ಲೂಕೂ ಇಲ್ಲ! ಇರುವುದು ಕನಕಪುರ, ರಾಮನಗರ, ಚನ್ನಪಟ್ಟಣ, ಮಾಗಡಿ, ತುಮಕೂರು ಜಿಲ್ಲೆಯ ಕುಣಿಗಲ್, ಜೊತೆಗೆ ನಗರದ ರಾಜರಾಜೇಶ್ವರಿನಗರ, ಬೆಂಗಳೂರು ದಕ್ಷಿಣ, ಆನೇಕಲ್. ಹೆಸರು ನೋಡಿ ‘ಗ್ರಾಮೀಣ ಮತದಾರರ ತೀರ್ಪು’ ಎಂದು ಬರೆದರೆ ಲಕ್ಷಾಂತರ ಅಪಾರ್ಟ್‌ಮೆಂಟ್ ಮತಗಳನ್ನು ಹೊಲಕ್ಕೆ ಇಳಿಸಿದಂತೆ. ಇನ್ನೂ ಇವೆ: ಬೈಂದೂರು ಶಿವಮೊಗ್ಗಕ್ಕೆ, ಖಾನಾಪುರ ಮತ್ತು ಕಿತ್ತೂರು ಉತ್ತರ ಕನ್ನಡಕ್ಕೆ, ಶಿರಾ ಮತ್ತು ಪಾವಗಡ ಚಿತ್ರದುರ್ಗಕ್ಕೆ, ಕಡೂರು ಹಾಸನಕ್ಕೆ, ಸಿಂಧನೂರು ಮತ್ತು ಮಸ್ಕಿ ಕೊಪ್ಪಳಕ್ಕೆ. ಮಡಿಕೇರಿ, ವಿರಾಜಪೇಟೆ ಮೈಸೂರಿಗೆ. ಹರಪನಹಳ್ಳಿ ದಾವಣಗೆರೆ ಲೋಕಸಭೆಯಲ್ಲಿದ್ದರೂ 371(ಜೆ) ವಿಧಿಯ ಸೌಲಭ್ಯವಿರುವ ಕಲ್ಯಾಣ ಕರ್ನಾಟಕದ ತಾಲ್ಲೂಕು.

ಇಷ್ಟು ತಿಳಿದು, ಇಡೀ ಕ್ಷೇತ್ರವನ್ನು ಒಂದೇ ಪ್ರದೇಶಕ್ಕೆ ಸೇರಿಸುವ ಒರಟು ಲೆಕ್ಕ ಹಿಡಿದರೆ 2024 ಹೀಗೆ ಕಾಣುತ್ತದೆ. ಕಲ್ಯಾಣ ಕರ್ನಾಟಕದ ಐದಕ್ಕೆ ಐದೂ ಕಾಂಗ್ರೆಸ್: ಬೀದರ್, ಕಲಬುರಗಿ, ರಾಯಚೂರು, ಕೊಪ್ಪಳ, ಬಳ್ಳಾರಿ. ಕಿತ್ತೂರು ಕರ್ನಾಟಕದ ಆರರಲ್ಲಿ ಚಿಕ್ಕೋಡಿ ಬಿಟ್ಟು ಐದು ಬಿಜೆಪಿ. ಕರಾವಳಿಯ ಮೂರೂ ಬಿಜೆಪಿ, ಉತ್ತರ ಕನ್ನಡದಲ್ಲಂತೂ ಅಂತರ 3,37,428. ಮಧ್ಯ ಕರ್ನಾಟಕದಲ್ಲಿ ಶಿವಮೊಗ್ಗ, ಚಿತ್ರದುರ್ಗ ಬಿಜೆಪಿಗೆ, ದಾವಣಗೆರೆ 26,094 ಮತಗಳಿಂದ ಕಾಂಗ್ರೆಸ್‌ಗೆ. ಬೆಂಗಳೂರು ಹೆಸರಿನ ನಾಲ್ಕೂ ಬಿಜೆಪಿ. ಹಳೇ ಮೈಸೂರಿನ ಏಳರಲ್ಲಿ ಬಿಜೆಪಿ 3, ಕಾಂಗ್ರೆಸ್ 2, ಜೆಡಿಎಸ್ 2. ಮತದಾನದ ಹಂತದಿಂದ ನೋಡಿದರೂ ಇದೇ ಚಿತ್ರ: ಏಪ್ರಿಲ್ 26ರ ದಕ್ಷಿಣದ 14ರಲ್ಲಿ ಕಾಂಗ್ರೆಸ್‌ಗೆ 2, ಮೇ 7ರ ಉತ್ತರದ 14ರಲ್ಲಿ 7.

ಹೆಚ್ಚು ಚರ್ಚೆಯಾಗದ ಒಂದು ಸಾಲು ಮೀಸಲು ಕ್ಷೇತ್ರಗಳದ್ದು. ರಾಜ್ಯದಲ್ಲಿ ಪರಿಶಿಷ್ಟ ಜಾತಿಗೆ ಐದು, ಪರಿಶಿಷ್ಟ ಪಂಗಡಕ್ಕೆ ಎರಡು. 2019ರಲ್ಲಿ ಏಳೂ ಬಿಜೆಪಿ ಗೆದ್ದಿತ್ತು. 2024ರಲ್ಲಿ ಉಳಿದದ್ದು ವಿಜಯಪುರ ಮತ್ತು ಚಿತ್ರದುರ್ಗ. ರಾಯಚೂರು, ಬಳ್ಳಾರಿ, ಕಲಬುರಗಿ, ಚಾಮರಾಜನಗರ ಕಾಂಗ್ರೆಸ್‌ಗೆ, ಕೋಲಾರ ಜೆಡಿಎಸ್‌ಗೆ. ಕಲ್ಯಾಣ ಕರ್ನಾಟಕದ ಬದಲಾವಣೆಯನ್ನು ಗ್ಯಾರಂಟಿ ಯೋಜನೆಯೊಂದಕ್ಕೇ ಕಟ್ಟಿಹಾಕುವವರು ಈ ಸಾಲನ್ನೂ ಪಕ್ಕದಲ್ಲಿಟ್ಟು ನೋಡಬೇಕು. ಗ್ಯಾರಂಟಿ ಹಣ ಕೋಲಾರಕ್ಕೂ ತುಮಕೂರಿಗೂ ಹೋಗಿತ್ತು.

ಲೋಕಸಭಾ ಕ್ಷೇತ್ರಕ್ಕಿಂತ ಕೆಳಗೆ ಇಳಿಯಬೇಕಾದರೆ ಫಾರಂ 20, ಅಂದರೆ ಮತಗಟ್ಟೆವಾರು ಫಲಿತಾಂಶದ ಅಧಿಕೃತ ಪಟ್ಟಿ ಬೇಕು. ಪ್ರತಿ ಮತಗಟ್ಟೆಗೆ ಒಂದು ಸಾಲು, ಅಭ್ಯರ್ಥಿಗೊಂದು ಕಾಲಂ, ಕೊನೆಗೆ ನೋಟಾ ಮತ್ತು ಒಟ್ಟು. ರಾಜ್ಯ ಮುಖ್ಯ ಚುನಾವಣಾಧಿಕಾರಿಯ ಜಾಲತಾಣದಲ್ಲಿ ವಿಧಾನಸಭಾ ಕ್ಷೇತ್ರವಾರು ಪಿಡಿಎಫ್ ಸಿಗುತ್ತದೆ. ಸ್ಕ್ಯಾನ್ ಮಾಡಿದ ಪುಟಗಳಾದರೆ ಅಂಕಿ ತೆಗೆಯುವ ತಂತ್ರಾಂಶ 3ನ್ನು 8 ಮಾಡಿಬಿಡುವುದುಂಟು. ಆದ್ದರಿಂದ ಪ್ರತಿ ಸಾಲಿನ ಅಡ್ಡ ಮೊತ್ತ, ಪ್ರತಿ ಪುಟದ ಉದ್ದ ಮೊತ್ತ ಎರಡನ್ನೂ ತಾಳೆ ನೋಡದೆ ಮುಂದೆ ಹೋಗಬೇಡಿ. ಕರ್ನಾಟಕದಲ್ಲಿ ಒಂದು ಲೋಕಸಭೆಗೆ ಎಂಟು ವಿಧಾನಸಭಾ ಕ್ಷೇತ್ರ, ಹಾಗಾಗಿ ಎಂಟು ಕಡತ.

ಇದರಿಂದ ಏನು ಸಿಗುತ್ತದೆ ಎಂಬುದಕ್ಕೆ ಬೆಂಗಳೂರು ಸೆಂಟ್ರಲ್ ಸಾಕು. ಪಿ.ಸಿ. ಮೋಹನ್ ಗೆಲುವಿನ ಅಂತರ 32,707. ಮಹದೇವಪುರ ಒಂದರಲ್ಲೇ ಬಿಜೆಪಿ 2,29,632, ಕಾಂಗ್ರೆಸ್ 1,15,586, ಲೀಡ್ 1,14,046. ಉಳಿದ ಏಳನ್ನು ಕೂಡಿಸಿದರೆ ಕಾಂಗ್ರೆಸ್ಸೇ ಮುಂದೆ. 2025ರ ಆಗಸ್ಟ್‌ನಲ್ಲಿ ರಾಹುಲ್ ಗಾಂಧಿ ಮತದಾರರ ಪಟ್ಟಿಯಲ್ಲಿ ಅಕ್ರಮ ನಡೆದಿದೆ ಎಂಬ ಆರೋಪ ಎತ್ತಿದ್ದು ಈ ಕ್ಷೇತ್ರವನ್ನೇ ಹಿಡಿದು. ಆ ವಾದ ಏನೇ ಇರಲಿ, ಫಾರಂ 20 ಹೇಳುವುದು ಯಾವ ಮತಗಟ್ಟೆಯಲ್ಲಿ ಯಾರಿಗೆ ಎಷ್ಟು ಬಿತ್ತು ಎಂಬುದನ್ನು ಮಾತ್ರ. ಪಟ್ಟಿಯಲ್ಲಿ ಯಾರಿದ್ದರು ಎಂಬುದಕ್ಕೆ ಬೇರೆ ದಾಖಲೆ ನೋಡಬೇಕು.

ಎಂಟು ಕಡತದ ಮೊತ್ತ ಘೋಷಿತ ಫಲಿತಾಂಶಕ್ಕೆ ಸರಿಹೊಂದದಿದ್ದರೆ ಗಾಬರಿ ಬೇಡ, ಅಂಚೆ ಮತ ಬಿಟ್ಟುಹೋಗಿರುತ್ತದೆ. ಅದನ್ನು ಎಣಿಸಿ ಸೇರಿಸುವುದು ಲೋಕಸಭಾ ಕ್ಷೇತ್ರದ ಮಟ್ಟದಲ್ಲಿ, ವಿಧಾನಸಭಾ ಕ್ಷೇತ್ರಕ್ಕೆ ಹಂಚುವುದಿಲ್ಲ. ಸಾಮಾನ್ಯವಾಗಿ ಕೆಲವು ಸಾವಿರದ ಲೆಕ್ಕ, ಫಲಿತಾಂಶ ಬದಲಾಗುವುದಿಲ್ಲ. ಮುಂಬೈ ವಾಯವ್ಯದಲ್ಲಿ 2024ರಲ್ಲಿ ಬದಲಾಯಿತು: ಯಂತ್ರದ ಮತಗಳಲ್ಲಿ ಅಮೋಲ್ ಕೀರ್ತಿಕರ್ 4,51,095, ರವೀಂದ್ರ ವಾಯ್ಕರ್ 4,51,094. ಅಂಚೆ ಮತ ಸೇರಿದ ಮೇಲೆ ವಾಯ್ಕರ್ 48 ಮತಗಳಿಂದ ಗೆದ್ದರು. ಅಸಿಂಧು ಎಂದು ಬದಿಗಿಟ್ಟ ಅಂಚೆ ಮತಗಳ ಸಂಖ್ಯೆಗಿಂತ ಗೆಲುವಿನ ಅಂತರ ಕಡಿಮೆಯಾದರೆ, ಘೋಷಣೆಗೆ ಮುಂಚೆ ಅವನ್ನೆಲ್ಲ ಮತ್ತೊಮ್ಮೆ ಪರಿಶೀಲಿಸಲೇಬೇಕು ಎಂಬ ನಿಯಮ ಇರುವುದು ಇಂಥದ್ದಕ್ಕೇ.

ಉಳಿದದ್ದು ಎರಡು ಸಣ್ಣ ಎಚ್ಚರಿಕೆ. ರಾಜ್ಯದಲ್ಲಿ 2019ರ ಬಿಜೆಪಿ ಮತಪ್ರಮಾಣ ಒಂದು ಕಡೆ 51.4, ಇನ್ನೊಂದು ಕಡೆ 51.7 ಎಂದು ಕಂಡರೆ ಎರಡೂ ಸರಿಯೇ. ಮೊದಲನೆಯದರ ಛೇದದಲ್ಲಿ ನೋಟಾ ಇದೆ, ಎರಡನೆಯದರಲ್ಲಿ ಇಲ್ಲ. ಒಂದು ವರ್ಷಕ್ಕೆ ಒಂದು, ಇನ್ನೊಂದು ವರ್ಷಕ್ಕೆ ಮತ್ತೊಂದು ಬಳಸಬೇಡಿ. ಠೇವಣಿ ಉಳಿಯುವ ಲೆಕ್ಕಕ್ಕೆ (ಸಿಂಧು ಮತದ ಆರನೇ ಒಂದು ಭಾಗ) ನೋಟಾ ಸೇರುವುದಿಲ್ಲ. ಇನ್ನೊಂದು, ಹಳೆಯ ಫಲಿತಾಂಶವನ್ನು ಸಂಸದರ ಪಟ್ಟಿಯಿಂದ ಎತ್ತಬೇಡಿ. 2014ರಲ್ಲಿ ಬಿಜೆಪಿ ಗೆದ್ದ ಬಳ್ಳಾರಿ 2018ರ ಉಪಚುನಾವಣೆಯಲ್ಲಿ ಕಾಂಗ್ರೆಸ್ಸಿನ ವಿ.ಎಸ್. ಉಗ್ರಪ್ಪ ಅವರ ಪಾಲಾಯಿತು. ಅವಧಿಯ ಕೊನೆಯ ಪಟ್ಟಿ ಹಿಡಿದವರಿಗೆ 2014ರ 17–9–2 ಎಷ್ಟು ಕೂಡಿಸಿದರೂ ಬರುವುದಿಲ್ಲ. 2009ಕ್ಕಿಂತ ಹಿಂದಿನ ಚುನಾವಣೆಗಳ ಜೊತೆ ಕ್ಷೇತ್ರವಾರು ಹೋಲಿಕೆಯಂತೂ ಆಗುವ ಕೆಲಸವಲ್ಲ, ಪುನರ್‌ವಿಂಗಡಣೆಯ ಹೊಸ ಗಡಿಗಳಲ್ಲಿ ನಡೆದ ಮೊದಲ ಲೋಕಸಭಾ ಚುನಾವಣೆ 2009ರದ್ದು.