ಊರಿನ ಹೆಸರಿನ ಕಲ್ಲು

ನವಲಗುಂದದ ಎರಿ ಹೊಲದಲ್ಲಿ ಬೆಳೆದವಳಿಗೆ ಕಲ್ಲೆಂದರೆ ಅಪರೂಪ. ಅಲ್ಲಿ ಬೇಸಿಗೆಗೆ ನೆಲ ಬಿರಿಯುತ್ತದೆ, ಮಳೆಗೆ ಕಾಲಿಗೆ ಮೆತ್ತುತ್ತದೆ, ಅಷ್ಟೆ. ಅಂಥವಳು ಧಾರವಾಡಕ್ಕೆ ಬಂದು ಬಿ.ಎಸ್ಸಿ.ಗೆ ಭೂವಿಜ್ಞಾನ ತೆಗೆದುಕೊಂಡದ್ದಕ್ಕೆ ಘನವಾದ ಕಾರಣವೇನೂ ಇರಲಿಲ್ಲ. ಅದರಲ್ಲಿ ಸೀಟು ಖಾಲಿ ಇದ್ದವು.

ನಮ್ಮ ಕರ್ನಾಟಕ ಕಾಲೇಜು ಶುರುವಾದದ್ದು 1917ರಲ್ಲಿ. ಹಳೆಯ ಕಟ್ಟಡ ಅದಕ್ಕೂ ಮೊದಲು ರೈಲ್ವೆ ಕಂಪನಿಯ ಕಚೇರಿ. ಇವೆಲ್ಲ ಆಗ ನಮಗೆ ಬೇಕಿರಲಿಲ್ಲ. ನೆನಪಿರುವುದು ಪ್ರಾಕ್ಟಿಕಲ್ಲಿನ ಮೊದಲ ದಿನ ಗುರುಗಳು ಅಂಗೈಯಲ್ಲಿಟ್ಟ ಕ್ಲೋರೈಟ್ ಶಿಸ್ಟ್. ಹಸಿರುಗಪ್ಪು, ಪದರು ಪದರಾಗಿ ಬಿಡುವ ಮೆತ್ತನೆಯ ಕಲ್ಲು. ಗೀರಿದರೆ ಉಗುರಿನ ಸಂದಿಯಲ್ಲಿ ಪುಡಿ ಕೂಡುತ್ತಿತ್ತು. 'ಇದಕ್ಕ ಈ ಊರಿನ ಹೆಸರs ಐತಿ ನೋಡು' ಎಂದರು. ಬ್ರಿಟಿಷ್ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 1880ರ ದಶಕದಲ್ಲಿ ಇಂಥ ಶಿಲೆಗಳಿಗೆ ಧಾರವಾಡ ಎಂದು ಹೆಸರಿಟ್ಟದ್ದು, ಕೋಲಾರ, ಹಟ್ಟಿ, ಗದಗಿನ ಬಂಗಾರ, ಸಂಡೂರಿನ ಕಬ್ಬಿಣ ಎಲ್ಲ ಈ ಶಿಲಾಪಟ್ಟಿಗಳಲ್ಲೇ ಇರುವುದು... ಬಾಯಿಪಾಠ ಮಾಡಿ ಪರೀಕ್ಷೆ ಬರೆದು ಮರೆತೆವು.

ಮುಂದೆ ಗಣಿ ಕೆಲಸಕ್ಕೆ ಸೇರಿದೆ. 1952ರ ಗಣಿ ಕಾಯಿದೆ ಹೆಂಗಸರನ್ನು ನೆಲದೊಳಗೆ ಇಳಿಯಗೊಡುತ್ತಿರಲಿಲ್ಲ. ಜೊತೆಗೆ ಓದಿದ ಹುಡುಗರು ಹೆಲ್ಮೆಟ್ ಹಾಕಿಕೊಂಡು ಇಳಿದರೆ, ನಾನು ಮೇಲೆ ಶೆಡ್ಡಿನಲ್ಲಿ ಕೂತು ಪೆಟ್ಟಿಗೆಗಳಲ್ಲಿ ಬಂದ ಕೋರ್‌ಗಳನ್ನು, ಅಂದರೆ ನೆಲ ಕೊರೆದು ತೆಗೆದ ಕಲ್ಲಿನ ಕೋಲುಗಳನ್ನು, ತೊಳೆದು, ಅಳೆದು, ವಹಿಯಲ್ಲಿ ಬರೆಯುತ್ತಿದ್ದೆ. ಗಣಿಯ ಒಳಗು ಹೇಗಿರುತ್ತದೆಂದು ಕಂಡದ್ದು ಪಶ್ಚಿಮ ಆಸ್ಟ್ರೇಲಿಯಾದ ಕಲ್ಗೂರ್ಲಿಗೆ ಹೋದಮೇಲೆ. ಅಲ್ಲಿಯ ಯಿಲ್ಗಾರ್ನ್ ಶಿಲೆಗಳೂ ನಮ್ಮವುಗಳಂತೆ 250 ಕೋಟಿ ವರ್ಷಕ್ಕೂ ಹಳೆಯವು. ಎರಡನ್ನೂ ಹೋಲಿಸಿ ಮಾತಾಡುವುದು ಅಲ್ಲಿ ಮಾಮೂಲು. ಸಹೋದ್ಯೋಗಿಯೊಬ್ಬ 'ಧಾರ್ವಾರ್, ಧಾರ್ವಾರ್' ಎನ್ನುತ್ತಿದ್ದಾಗ, ನಾನು ಓದಿದ ಊರದು ಎಂದೆ. 'ಅದು ಊರೂ ಹೌದಾ?' ಎಂದು ಕೇಳಿದ!

ಹೌದು ಮಾರಾಯ. ಪೇಡೆ ಸಿಗುವ ಊರು.

ಹೋದ ಮಳೆಗಾಲ ಕಾಲೇಜಿನಿಂದ ಕರೆ ಬಂತು, ಹುಡುಗರಿಗೆ ನಾಲ್ಕು ಮಾತು ಹೇಳಬೇಕೆಂದು. ಹುಬ್ಬಳ್ಳಿಯಿಂದ ಚಿಗರಿ ಎಂಬ ಎ.ಸಿ. ಬಸ್ ಹತ್ತಿದೆ. ರಸ್ತೆ ಅಗಲವಾಗಿ ಗಿಡಗಳು ಹೋಗಿವೆ. ಅದಕ್ಕೆ ಅಳುವವರು ಬೇಕಾದಷ್ಟು ಜನ ಇದ್ದಾರೆ. ಅದೇ ದಾರಿಯಲ್ಲಿ ಫುಟ್‌ಬೋರ್ಡಿನ ಮೇಲೆ ಜೋತಾಡಿಕೊಂಡು ಓಡಾಡಿದ ನನಗೆ ತಂಪು ಬಸ್ಸಿನ ಸೀಟು ಹಿತವೆನಿಸಿತು. ಸಪ್ತಾಪುರದ ತುಂಬ ಕೋಚಿಂಗ್ ಕ್ಲಾಸಿನ ಬೋರ್ಡುಗಳು. ಗಿರ್ಮಿಟ್ ತಿನ್ನುತ್ತಲೇ ಪಿಎಸ್‌ಐ ಪ್ರಶ್ನೆಪತ್ರಿಕೆ ಬಿಡಿಸುವ ಹುಡುಗಿಯರು. ನಮ್ಮ ಕಾಲದಲ್ಲಿ ಹುಡುಗಿಯರು ಗಾಡಿಯ ಮುಂದೆ ನಿಂತು ತಿಂದರೆ ಹಾಸ್ಟೆಲ್ಲಿಗೆ ಸುದ್ದಿ ಮುಟ್ಟುತ್ತಿತ್ತು.

ಸಂಜೆ ಸೋಮೇಶ್ವರ ಗುಡಿಗೆ ಹೋದೆ. ಓದುವಾಗ ಅಲ್ಲಿಗೆ ಬರುತ್ತಿದ್ದುದು ಕಾಯಿ ಒಡೆಸಲು. ಈಗ ಕಣ್ಣು ತಾನಾಗಿಯೇ ಇಳಿಜಾರು ಹುಡುಕಿತು. ಅಲ್ಲಿ ಹುಟ್ಟುವ ಶಾಲ್ಮಲೆ ಪಶ್ಚಿಮದ ಕಡಲಿಗೆ ಇಳಿಯುತ್ತಾಳೆ. ದಿಬ್ಬದ ಆಚೆ ಬಿದ್ದ ಮಳೆ ತುಪ್ಪರಿ ಹಳ್ಳ ಸೇರಿ, ಮಲಪ್ರಭೆ, ಕೃಷ್ಣೆಯರನ್ನು ಹಿಡಿದು ಬಂಗಾಳ ಕೊಲ್ಲಿಗೆ ಹೋಗುತ್ತದೆ. ಸಣ್ಣವಳಿದ್ದಾಗ ನಮ್ಮ ಹೊಲಕ್ಕೆ ನುಗ್ಗಿ ಹೆಸರು ಬೆಳೆ ಕೊಚ್ಚಿಕೊಂಡು ಹೋಗುತ್ತಿದ್ದ ತುಪ್ಪರಿ ಇದೇ! ಅಪ್ಪ ಬೈಯುತ್ತಿದ್ದ ಆ ನೀರು ಧಾರವಾಡದ ಕಡೆಯದೆಂದು ಇಲ್ಲಿ ಓದುವಷ್ಟು ಕಾಲವೂ ನನಗೆ ಹೊಳೆದಿರಲಿಲ್ಲ.

ಮರುದಿನ ಕ್ಲಾಸಿನಲ್ಲಿ ಅರ್ಧಕ್ಕಿಂತ ಹೆಚ್ಚು ಹುಡುಗಿಯರು. ಕಲ್ಗೂರ್ಲಿಯ ಫೋಟೋ ತೋರಿಸುತ್ತಿದ್ದಂತೆ ಒಬ್ಬಳು ಎದ್ದು ನಿಂತಳು. 'ಮೇಡಂ, ನಮ್ಮನ್ನ ಇಲ್ಲೆ ಗಣಿಯೊಳಗ ಬಿಡ್ತಾರೇನ್ರಿ?' 2019ರಲ್ಲಿ ಕೇಂದ್ರ ಸರ್ಕಾರ ನಿಯಮ ಸಡಿಲಿಸಿ, ತಾಂತ್ರಿಕ ಮತ್ತು ಮೇಲ್ವಿಚಾರಣೆಯ ಕೆಲಸಕ್ಕೆ ಹಗಲು ಹೊತ್ತು ಹೆಂಗಸರೂ ಇಳಿಯಬಹುದು, ಆದರೆ ಅವರ ಲಿಖಿತ ಒಪ್ಪಿಗೆ ಬೇಕು ಎಂದಿತು ಅಂತ ಹೇಳಿದೆ. ಬರೆದುಕೊಂಡಳು. ಕೂಡಲಿಲ್ಲ.

'ಪಗಾರ ಎಷ್ಟ ಬರ್ತದ್ರಿ?'

ಹೇಳಿದೆ. ಹಿಂದಿನ ಬೆಂಚುಗಳಿಗೆ ಒಮ್ಮೆಲೇ ಎಚ್ಚರವಾಯಿತು.