ರಥದಿಂದ ಹಾರಿದವನು ಸಾಯಲಿಲ್ಲ

ಈ ವಾರ ಆ ತುಣುಕು ಮತ್ತೆ ವಾಟ್ಸಾಪಿನಲ್ಲಿ ಸುತ್ತುತ್ತಿದೆ. 1959ರ ‘ಬೆನ್‌ಹರ್’ ಚಿತ್ರದ ರಥದ ಓಟ. ಅದರ ಕೆಳಗೆ ಒಂದು ಸಾಲು: ‘ಇಲ್ಲಿ ಸ್ಟಂಟ್‌ಮ್ಯಾನ್ ನಿಜವಾಗಿಯೂ ಸತ್ತ, ಅದೇ ಶಾಟನ್ನು ಸಿನಿಮಾದಲ್ಲಿ ಇಟ್ಟುಕೊಂಡರು.’ ಓದಿ ಹೊಟ್ಟೆ ಉರಿಯಿತು. ಅದು ಸುಳ್ಳು ಅನ್ನುವುದು ಒಂದು ಕಡೆ. ಯಾರೂ ಸಾಯಬಾರದು ಅಂತ ತಿಂಗಳುಗಟ್ಟಲೆ ಬೆವರು ಹರಿಸಿದವರ ಕೆಲಸಕ್ಕೆ ಆ ಒಂದು ಸಾಲು ಮಣ್ಣು ಹಾಕುತ್ತದೆ.

ಶಾಟನ್ನು ನಿಧಾನವಾಗಿ ಓಡಿಸಿ ನೋಡಿ. ಎದುರಿಗೆ ಮುರಿದು ಬಿದ್ದ ರಥ. ನಾಲ್ಕು ಬಿಳಿ ಕುದುರೆ ಅದರ ಮೇಲೆ ಹಾರುತ್ತವೆ, ಹಿಂದೆಯೇ ರಥವೂ ಹಾರುತ್ತದೆ. ಅದು ನೆಲಕ್ಕೆ ಅಪ್ಪಳಿಸಿದ್ದೇ ತಡ, ನಿಂತಿದ್ದವನ ಕಾಲು ಮೇಲಾಗಿ, ತಲೆ ಕೆಳಗಾಗಿ, ಮುಂದಿನ ಅಡ್ಡಪಟ್ಟಿಯ ಆಚೆಗೆ ಮಗುಚುತ್ತಾನೆ. ಕೈ ಮಾತ್ರ ಪಟ್ಟಿಯನ್ನು ಬಿಟ್ಟಿಲ್ಲ.

ಯಾಕೆ ಹೀಗಾಯಿತು ಅನ್ನುವುದು ಎತ್ತಿನ ಗಾಡಿ ಹೊಡೆದವರಿಗೆ ಬೇಗ ಅರ್ಥವಾಗುತ್ತದೆ. ಎರಡು ಗಾಲಿಯ ಬಂಡಿ ಅಂದರೆ ಅಚ್ಚಿನ ಮೇಲೆ ಕೂತ ಏತ. ಮುಂದೆ ನೊಗಕ್ಕೆ ಕಟ್ಟಿದ ಮೂಕಿ ಒಂದೇ ಅದನ್ನು ಮಟ್ಟವಾಗಿ ಹಿಡಿದಿರುತ್ತದೆ. ಗಾಲಿ ಗಾಳಿಗೆ ಎದ್ದು ಕೆಳಗೆ ಬಡಿದಾಗ ಹಿಂಭಾಗ ಚಿಮ್ಮುತ್ತದೆ, ಅಲ್ಲಿ ನಿಂತವನು ಮುಂದಕ್ಕೆ ಹೋಗುತ್ತಾನೆ. ಈ ರಥಗಳು ಒಂದೊಂದೂ 900 ಪೌಂಡು, ಅಂದರೆ ಸುಮಾರು 400 ಕಿಲೋ. ರೋಮನ್ನರು ಓಟಕ್ಕೆ ಬಳಸುತ್ತಿದ್ದ ರಥಗಳು ಮರ ಮತ್ತು ಚರ್ಮದ ಹಗುರ ಬಂಡಿಗಳು. ಇಷ್ಟು ಭಾರದ ರಥ ನೆಲಕ್ಕೆ ಬಿದ್ದರೆ ಆ ಏಟು ಎಂಥದ್ದಿರಬೇಕು!

ಮಗುಚಿದವನು ಜೋ ಕ್ಯಾನಟ್, ನಾಯಕ ಬೆನ್‌ಹರ್ ಪಾತ್ರ ಮಾಡಿದ ಚಾರ್ಲ್‌ಟನ್ ಹೆಸ್ಟನ್ ಅವರ ಡ್ಯೂಪ್. ಓಟವನ್ನು ಚಿತ್ರಿಸುತ್ತಿದ್ದದ್ದು ಮುಖ್ಯ ತಂಡದಿಂದ ಬೇರೆಯಾಗಿ ದುಡಿಯುವ ಎರಡನೇ ಘಟಕ. ಅದರ ಇಬ್ಬರು ಮುಖ್ಯಸ್ಥರಲ್ಲಿ ಒಬ್ಬರು ಆ್ಯಂಡ್ರೂ ಮಾರ್ಟನ್. ಇನ್ನೊಬ್ಬರು ಯಾಕಿಮಾ ಕ್ಯಾನಟ್, ಜೋನ ಅಪ್ಪ. ಓಡುವ ಕುದುರೆಗಳ ನಡುವೆ ಬಿದ್ದು, ಗಾಡಿಯ ಅಡಿಯಿಂದ ಪಾರಾಗುವ ಸ್ಟಂಟನ್ನು 1939ರಲ್ಲೇ ಮಾಡಿ ಹೆಸರಾಗಿದ್ದವರು ಅವರು. ಅಂಥ ಅಪ್ಪನ ಕೈಯಲ್ಲಿ ಕಲಿತ ಮಗ ಬೀಳುವಾಗಲೂ ಹಿಡಿತ ಬಿಡಲಿಲ್ಲ. ಆದ ಗಾಯ ಗದ್ದಕ್ಕೆ ಮಾತ್ರ.

ನಿರ್ಮಾಪಕ ಸ್ಯಾಮ್ ಝಿಂಬಲಿಸ್ಟ್ ಆ ಶಾಟ್ ಕೆಲಸಕ್ಕೆ ಬಾರದು ಅಂದರು. ಅವರದೇನೂ ತಪ್ಪಲ್ಲ. ನಾಯಕನೇ ರಥದಿಂದ ಆಚೆಗೆ ಹೋದರೆ ಓಟ ಗೆಲ್ಲುವವರು ಯಾರು? ಮಾರ್ಟನ್ ಕೊಟ್ಟ ಉಪಾಯ ಸರಳ: ಬೆನ್‌ಹರ್ ಮುಂಭಾಗಕ್ಕೆ ಜೋತುಬಿದ್ದು ಮತ್ತೆ ರಥದೊಳಕ್ಕೆ ಹತ್ತುವುದನ್ನು ಹೆಸ್ಟನ್ ಅವರ ಕ್ಲೋಸಪ್‌ನಲ್ಲಿ ತೆಗೆದು, ಜೋ ಬಿದ್ದ ಲಾಂಗ್ ಶಾಟಿಗೆ ಅಂಟಿಸುವುದು. ಹಾಗೇ ಆಯಿತು. ಚಿತ್ರ ನಿರ್ದೇಶಕ ವಿಲಿಯಂ ವೈಲರ್ ಅವರದು ಅಂತ ಜನ ಹೇಳುತ್ತಾರೆ, ಸರಿಯೇ. ಆದರೆ ಈ ಓಟ ಮಾರ್ಟನ್ ಮತ್ತು ಯಾಕಿಮಾ ಅವರದು. ಇಡೀ ಓಟವನ್ನು ಮೊದಲು ಡ್ಯೂಪ್‌ಗಳನ್ನಿಟ್ಟು ದೂರದಿಂದ ತೆಗೆದು, ಜೋಡಿಸಿ, ನಟರ ಮುಖ ಎಲ್ಲೆಲ್ಲಿ ಬರಬೇಕು ಅಂತ ತೋರಿಸಿಕೊಟ್ಟವರೇ ಅವರು.

ಕೈ ಬಿಡದಿದ್ದದ್ದು ಜೋನ ತಾಕತ್ತು. ಅವನ ಕಾಲಡಿಯ ನೆಲ ಮಾತ್ರ ಬೇರೆಯವರ ದುಡಿಮೆ. ರೋಮ್‌ನ ಚಿನೆಚಿತ್ತಾ ಸ್ಟುಡಿಯೋದಲ್ಲಿ 18 ಎಕರೆಯ ಕಣ, 1,500 ಅಡಿ ಉದ್ದದ ನೇರ ಪಟ್ಟಿಗಳು. ರೋಮನ್ನರ ಓಟದ ನೆಲದಲ್ಲಿ ಏನು ಹಾಸಿತ್ತು ಅಂತ ಹುಡುಕಿದರೂ ಉತ್ತರ ಸಿಗದೆ ತಾವೇ ಒಂದು ನೆಲ ಕಟ್ಟಿದರು. ತೀರಾ ಗಟ್ಟಿಯಾದರೆ ಸುತ್ತು ಹಾಕಿ ಹಾಕಿ ಕುದುರೆಯ ಕಾಲು ಹಾಳು. ತೀರಾ ಮೆದುವಾದರೆ ಕಬ್ಬಿಣದ ಪಟ್ಟಿ ಹಾಕಿದ ಗಾಲಿ ಹೂತು, ತಿರುವಿನಲ್ಲಿ ರಥ ಪಲ್ಟಿ. ಅದಕ್ಕೇ ಅಡಿಗೆ ಜಲ್ಲಿ, ಅದರ ಮೇಲೆ ಪುಡಿ ಮಾಡಿದ ಲಾವಾ ಕಲ್ಲು ಮತ್ತು ನುಣ್ಣನೆಯ ಹಳದಿ ಕಲ್ಲುಪುಡಿ, ಮೇಲೆ ಸಮುದ್ರ ತೀರದ ಮರಳು. ತಾಲೀಮಿಗೆ ಅಷ್ಟೇ ಅಳತೆಯ ಇನ್ನೊಂದು ಕಣ ಪಕ್ಕದಲ್ಲೇ ಇತ್ತು. ಒಂಬತ್ತು ರಥಕ್ಕೆ 36 ಕುದುರೆ ಸಾಕು. ಯುಗೊಸ್ಲಾವಿಯಾ ಮತ್ತು ಸಿಸಿಲಿಯಿಂದ ತರಿಸಿದ್ದು 78. ರಥಗಳು 18, ಅದರಲ್ಲಿ ಅರ್ಧ ಬರೀ ಅಭ್ಯಾಸಕ್ಕೆ. ಕುದುರೆಗಳನ್ನು ಪಳಗಿಸಿದವರು ಗ್ಲೆನ್ ರ‍್ಯಾಂಡಲ್. ತುಳಿದು ಹೋಗುವ ಜಾಗಗಳಲ್ಲಿ ಮನುಷ್ಯರಿಲ್ಲ, ಗೊಂಬೆಗಳಿವೆ.

ಕ್ಯಾಮೆರಾದ ಪಾಡು ಬೇರೆಯೇ. 65 ಮಿಲಿಮೀಟರ್ ಫಿಲಂ, ಎತ್ತರಕ್ಕಿಂತ ಅಗಲ 2.76 ಪಟ್ಟು. ಆ ಲೆನ್ಸ್ 50 ಅಡಿಗಿಂತ ಹತ್ತಿರದ್ದನ್ನು ಸ್ಪಷ್ಟವಾಗಿ ಹಿಡಿಯುವುದಿಲ್ಲ. ಹಾಗಾಗಿ ಕ್ಯಾಮೆರಾ ಹೊತ್ತ ಕಾರು ಕುದುರೆಗಳಿಗಿಂತ ಅಷ್ಟು ಮುಂದೆ ಓಡುತ್ತಲೇ ಇರಬೇಕು. ಮೊದಲು ತಂದದ್ದು ಒಂದು ಚಿಕ್ಕ ಇಟಾಲಿಯನ್ ಕಾರು. ಅದು ವೇಗ ಹಿಡಿಯುವಷ್ಟರಲ್ಲಿ ಕುದುರೆಗಳು ಬಂದೇ ಬಿಡುತ್ತಿದ್ದವು. ಇನ್ನೂ ಬಲದ ಅಮೆರಿಕನ್ ಕಾರು ಬಂತು. ಅದನ್ನು ಮೊದಲೇ ಬಿಟ್ಟರೂ ಹೆಚ್ಚಿಗೆ ಸಿಕ್ಕಿದ್ದು ಕೆಲವೇ ಸೆಕೆಂಡು. ಓಟದ ಚಿತ್ರೀಕರಣ ಮೂರು ತಿಂಗಳಲ್ಲಿ ಹರಡಿಕೊಂಡು ಒಟ್ಟು ಐದು ವಾರ ತಿಂದದ್ದು ಇಂಥ ಕಾರಣಗಳಿಗೇ. ಪರದೆಯ ಮೇಲೆ ಬರೀ ಕೆಲವು ನಿಮಿಷ. ಆ ಹೊತ್ತಿನಲ್ಲಿ ಮಿಕ್ಲೋಶ್ ರೋಝಾ ಅವರ ಸಂಗೀತವೂ ಇಲ್ಲ. ಗೊರಸು, ಗಾಲಿ, ಜನರ ಕೂಗು, ಅಷ್ಟೇ.

ಹಾಗಾದರೆ ಸಾವಿನ ಕಥೆ ಬಂದದ್ದೆಲ್ಲಿಂದ? ನನಗನ್ನಿಸುವುದು, ಇದೇ ಕಥೆಯ 1925ರ ಮೂಕಿ ‘ಬೆನ್‌ಹರ್’ ಚಿತ್ರದ ನೆನಪು ಇದಕ್ಕೆ ಅಂಟಿಕೊಂಡಿದೆ. ರೋಮ್‌ನಲ್ಲಿ ಅದರ ಓಟ ತೆಗೆಯುವಾಗ ರಥದ ಗಾಲಿ ಮುರಿದು ಒಬ್ಬ ಸ್ಟಂಟ್‌ಮ್ಯಾನ್ ಸತ್ತ ಅಂತ ಅದರಲ್ಲಿ ಬೆನ್‌ಹರ್‌ನ ಎದುರಾಳಿ ಮೆಸಾಲಾ ಪಾತ್ರ ಮಾಡಿದ ಫ್ರಾನ್ಸಿಸ್ ಬುಷ್‌ಮನ್ ಹೇಳಿದ್ದಾರೆ. ಆ ಚಿತ್ರದ ಓಟಕ್ಕೆ ದುಡಿದ ಸಹಾಯಕರ ದಂಡಿನಲ್ಲಿ ಯುವಕ ವೈಲರ್ ಕೂಡ ಇದ್ದರು. ಸತ್ತವನು ಆ ಚಿತ್ರದವನು, ಅವನಿಗೂ ಮರ್ಯಾದೆ ಸಲ್ಲಬೇಕು. ಅವನ ಸಾವನ್ನು ಜೋನ ಶಾಟಿಗೆ ಅಂಟಿಸಿ ಹಂಚಿದರೆ ಇಬ್ಬರಿಗೂ ಅನ್ಯಾಯ.

ಶಾಟನ್ನು ಮತ್ತೆ ಓಡಿಸುತ್ತೇನೆ. ಕಾಲು ಮೇಲೆ, ತಲೆ ಕೆಳಗೆ, ಪಟ್ಟಿಯ ಮೇಲೆ ಆ ಕೈ. 1960ರಲ್ಲಿ ಈ ಚಿತ್ರಕ್ಕೆ 11 ಆಸ್ಕರ್ ಬಂದವು. ಸ್ಟಂಟಿಗೆ ಅಂತ ಒಂದು ವಿಭಾಗವೇ ಆಗ ಇರಲಿಲ್ಲ. 1967ರಲ್ಲಿ ಅಕಾಡೆಮಿ ಯಾಕಿಮಾ ಅವರಿಗೆ ಗೌರವ ಆಸ್ಕರ್ ಕೊಟ್ಟಿತು: ಸ್ಟಂಟ್ ಕಲಾವಿದರಾಗಿ ಮಾಡಿದ ಸಾಧನೆಗೆ, ಜೊತೆಗೆ ಎಲ್ಲೆಡೆಯ ಸ್ಟಂಟ್ ಕಲಾವಿದರ ಜೀವ ಕಾಯುವ ಸಾಧನಗಳನ್ನು ರೂಪಿಸಿದ್ದಕ್ಕೆ.